ಟ್ಯಾಂಕಿನ ಮರೆಯ ಗಾಳಿ

ಮಾರ್ಚ್ 3, ಸೋಮವಾರ

ಲಿಖಿತ ಪರೀಕ್ಷೆ ಪಾಸಾಗಿದೆ ಎಂದು ಮಂಡಳಿಯಿಂದ ಪತ್ರ ಬಂತು. ನಲವತ್ತಾರು ವರ್ಷದವಳು ಪರೀಕ್ಷೆ ಪಾಸಾದೆನೆಂದು ಹಿಗ್ಗುವುದು ನಾಚಿಕೆಗೇಡು, ಆದರೂ ಎರಡು ಸಲ ಓದಿದೆ. ಇನ್ನು ನಾನೇ ಮಾಡಿದ ಕೆಲಸದ ಒಂದು ವರದಿ ಕಳಿಸಬೇಕು. ಏಪ್ರಿಲ್ ಹನ್ನೊಂದಕ್ಕೆ ಮೂವರು ಹಿರಿಯರ ಮುಂದೆ ಕೂತು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅದಾದ ಮೇಲೆ ನಾನು ‘ಪ್ರಮಾಣಿತ ಹವಾಮಾನ ಸಲಹೆಗಾರ್ತಿ’.

ಹತ್ತೊಂಬತ್ತು ವರ್ಷದಿಂದ ಕಟ್ಟಡ ಕಟ್ಟುವವರಿಗೂ ಕ್ರೇನ್ ನಡೆಸುವವರಿಗೂ ಗಾಳಿ ಮಳೆ ಹೇಳಿಕೊಂಡು ಬಂದಿದ್ದೇನೆ. ಸರ್ಟಿಫಿಕೇಟ್ ತೋರಿಸಿದರೆ ಗಾಳಿ ನಿಂತು ಸಲಾಮು ಹೊಡೆಯುತ್ತದೆಯೇ? ಕ್ರೇನ್ ಕಂಪನಿಯ ಮ್ಯಾನೇಜರ್ ಬೆನ್ನು ಬೀಳದಿದ್ದರೆ ನಾನು ಇದಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಜೂನ್‌ನಿಂದ ಪ್ರಮಾಣಿತರ ಸಹಿ ಇಲ್ಲದ ಗಾಳಿ ವರದಿಯನ್ನು ವಿಮೆಯವರು ತೆಗೆದುಕೊಳ್ಳುವುದಿಲ್ಲವಂತೆ.

“ನೀವು ಹೇಳಿದ್ದು ನನಗೆ ವೇದವಾಕ್ಯ ಮೇಡಂ. ಆದ್ರೆ ವಿಮೆಯವರಿಗೆ ವೇದ ಬೇಡ, ಸೀಲು ಬೇಕು” ಅಂದ.

ಸೈಟುಗಳಲ್ಲಿ ನನಗೆ ‘ಖಂಡಿತ ಮೇಡಂ’ ಎಂದು ಹೆಸರು. ಮಿಕ್ಕವರು ‘ಬೀಸಬಹುದು, ಬರಬಹುದು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ನಾನು ಉಂಟು ಅಥವಾ ಇಲ್ಲ ಎನ್ನುತ್ತೇನೆ. ‘ಬಹುದು’ ಎನ್ನುವುದಕ್ಕೆ ನಾನೇ ಬೇಕೇ, ಅದನ್ನು ನಮ್ಮತ್ತೆಯೂ ಹೇಳುತ್ತಾರೆ.

ಅತ್ತೆ ಬೆಳಿಗ್ಗೆ ಬಕೆಟ್ ಹಿಡಿದು ಎಂದಿನಂತೆ ಕೇಳಿದರು: “ಬಟ್ಟೆ ಹೊರಗೆ ಹಾಕ್ಲೇನೇ?”

“ಹಾಕಿ ಅತ್ತೆ. ಖಂಡಿತ ಮಳೆ ಇಲ್ಲ.”

ಬರಲಿಲ್ಲ.

ಮಾರ್ಚ್ 6, ಗುರುವಾರ

ಕಳಿಸುವುದು ಅಕ್ಟೋಬರ್ ಅಪಘಾತದ ವರದಿಯನ್ನೇ. ನಾನು ಬರೆದದ್ದರಲ್ಲಿ ಅದಕ್ಕಿಂತ ಚೊಕ್ಕದು ಇನ್ನೊಂದಿಲ್ಲ. ಇವತ್ತು ಮತ್ತೆ ಓದಿದೆ. ಹದಿನಾಲ್ಕನೇ ಮಹಡಿಗೆ ಗಾಜಿನ ಹಲಗೆ ಎತ್ತುವಾಗ ಅದು ತೂಗಾಡಿ, ಕೆಳಗಿನಿಂದ ಹಗ್ಗ ಹಿಡಿದು ಸರಿಮಾಡುತ್ತಿದ್ದವನ ಕೈ ಹಗ್ಗಕ್ಕೂ ಗೋಡೆಗೂ ನಡುವೆ ಸಿಕ್ಕಿ ಜಜ್ಜಿತ್ತು. ಗಾಳಿ ಬಂತು ಎಂದು ಕ್ರೇನ್ ಆಪರೇಟರ್ ಹೇಳಿದರು. ಕ್ರೇನಿನ ತುದಿಯ ಗಾಳಿಮಾಪಕ ಆ ವಾರ ರಿಪೇರಿಗೆ ಹೋಗಿತ್ತು. ಹಾಗಾಗಿ ಸೈಟ್ ಆಫೀಸಿನ ತಾರಸಿಯ ಮೇಲಿರುವ ಮಾಪಕದ ಅಂಕಿ ಹಿಡಿದು, ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಟ್ಟಿದ್ದೆ. ಗಂಟೆಗೆ ಮೂವತ್ತು ಕಿಲೋಮೀಟರ್. ಗಾಜು ಎತ್ತುವುದಕ್ಕೆ ಮಿತಿ ಮೂವತ್ತಾರು. ಕೊನೆಯ ಸಾಲು: ‘ಈ ಅಪಘಾತಕ್ಕೆ ಗಾಳಿ ಖಂಡಿತ ಕಾರಣವಲ್ಲ.’ ವಿಚಾರಣಾಧಿಕಾರಿ ಆ ಸಾಲನ್ನು ತಮ್ಮ ಆದೇಶದಲ್ಲಿ ಹಾಗೆಯೇ ಇಳಿಸಿಕೊಂಡರು. ಆಪರೇಟರ್ ಲೈಸೆನ್ಸ್ ರದ್ದಾಯಿತು. ಪಾಪ, ಒಳ್ಳೆಯ ಮನುಷ್ಯ. ಸೈಟಿನವರು ಅವರನ್ನು ‘ಮೇಲಿನವರು’ ಎಂದು ಕರೆಯುತ್ತಿದ್ದರು. ‘ಎಲ್ಲಾ ಮೇಲಿನವರ ಕೈಯಲ್ಲಿದೆ’ ಎಂಬುದು ಅಲ್ಲಿನ ಮಾಮೂಲಿ ತಮಾಷೆ.

ಮಂಡಳಿಯ ನಿಯಮಪುಸ್ತಕ ನಲವತ್ತು ಪುಟ. ಅಭ್ಯರ್ಥಿ ತಾನು ನೆಚ್ಚಿದ ಉಪಕರಣವನ್ನು ಸ್ವತಃ ಹೋಗಿ ಕಂಡಿರಬೇಕಂತೆ, ಅದರ ಬುಡದಲ್ಲಿ ನಿಂತು ಎಂಟು ದಿಕ್ಕಿಗೂ ಒಂದೊಂದು ಫೋಟೋ ತೆಗೆದು ಲಗತ್ತಿಸಬೇಕಂತೆ. ನನ್ನ ಮದುವೆಯಲ್ಲೂ ಇಷ್ಟು ಫೋಟೋ ತೆಗೆದಿರಲಿಲ್ಲ. ಎರಡು ವರ್ಷದ ಹಿಂದೆ ಮಾಪಕ ಕೂರಿಸಿದ ದಿನ ನೋಡಿದ್ದೇನೆ, ಅಲ್ಲಿಂದ ಹತ್ತು ನಿಮಿಷಕ್ಕೊಮ್ಮೆ ಅಂಕಿ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಮೇಲೆ ಹತ್ತಿ ಅದರ ಯೋಗಕ್ಷೇಮ ವಿಚಾರಿಸುವುದು ಯಾತಕ್ಕೆ?

ಹೋಗಲಿ, ಶಾಸ್ತ್ರಕ್ಕೆ ತೆಗೆದುಕೊಂಡು ಬಂದರಾಯಿತು.

ಮಾರ್ಚ್ 12, ಬುಧವಾರ

ಸೈಟಿಗೆ ಹೋದೆ. ಗೇಟಿನಲ್ಲಿ ಒಳಗೆ ಬಿಡುವ ಚೀಟಿಗೇ ಕಾಲು ಗಂಟೆ. ಹೊಸ ಗೇಟಿನವನು, ಎಡಗೈಯಲ್ಲಿ ಒಂದೊಂದೇ ಅಕ್ಷರ ಕೊರೆಯುತ್ತಾನೆ. ಶಾಲೆಗೆ ಹೋಗಿದ್ದೀಯೋ ಇಲ್ಲವೋ ಎಂದು ಕೇಳುವಷ್ಟು ಸಿಟ್ಟು ಬಂತು, ಕೇಳಲಿಲ್ಲ.

ತಾರಸಿಯ ಮೇಲೆ ಹತ್ತಿ ಏಳು ಫೋಟೋ ತೆಗೆದೆ. ಎಂಟನೆಯದು ಪಶ್ಚಿಮ. ಕ್ಯಾಮೆರಾ ಎತ್ತಿದರೆ ಆಕಾಶ ಕಾಣಲಿಲ್ಲ, ಕಪ್ಪು ನೀರಿನ ಟ್ಯಾಂಕ್ ಕಂಡಿತು. ಆಳೆತ್ತರದ್ದು, ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಮಾಪಕದಿಂದ ನಾಲ್ಕು ಹೆಜ್ಜೆ. ಆ ಫೋಟೋವನ್ನೂ ತೆಗೆದೆ. ಗಾಳಿ ಪಶ್ಚಿಮದಿಂದಲೇ ಬೀಸುತ್ತಿತ್ತು, ನನ್ನ ಕೂದಲು ಹಾರುತ್ತಿತ್ತು. ಟ್ಯಾಂಕಿನ ಮರೆಯಲ್ಲಿ ಮಾಪಕದ ಮೂರು ಬಟ್ಟಲು ತೂಕಡಿಸುತ್ತಾ ತಿರುಗುತ್ತಿದ್ದವು.

ಇಳಿದು ಬಂದು ಗೇಟಿನವನನ್ನು ಕೇಳಿದೆ, ಟ್ಯಾಂಕ್ ಯಾವಾಗ ಬಂತು ಎಂದು.

“ಆಗಸ್ಟ್‌ನಲ್ಲಿ ಮೇಡಂ. ನಾನೇ ಹಗ್ಗ ಹಿಡಿದಿದ್ದೆ.”

ಆಗಸ್ಟ್. ಅಪಘಾತ ಅಕ್ಟೋಬರ್ ಮೂರಕ್ಕೆ.

ಅಷ್ಟಕ್ಕೇ ಏನೂ ಆಗಿರುವುದಿಲ್ಲ. ಅವತ್ತು ಗಾಳಿ ಯಾವ ದಿಕ್ಕಿನದೋ.

ಮಾರ್ಚ್ 13, ಗುರುವಾರ

ಪಶ್ಚಿಮ.

ತಲೆನೋವು. ಕೆಲಸ ಮಾಡಲಿಲ್ಲ. ಖಂಡಿತ ಮಳೆ ಇಲ್ಲ ಎಂದಿದ್ದೆ, ಬಟ್ಟೆ ನೆನೆಯಿತು. ಅತ್ತೆ ಎರಡನೇ ಸಲ ಹಿಂಡಿದರು.

ಮಾರ್ಚ್ 17, ಸೋಮವಾರ

ನಾಲ್ಕು ದಿನ ಹಳೆಯ ಅಂಕಿಗಳ ಮುಂದೆ ಕೂತೆ. ಊರಾಚೆ ವಿಮಾನ ಇಳಿಯುವ ಬಯಲಿನಲ್ಲಿ ಇನ್ನೊಂದು ಮಾಪಕವಿದೆ, ಸುತ್ತ ಒಂದು ಪೊದೆಯೂ ಇಲ್ಲ. ಅದರ ಅಂಕಿಯ ಪಕ್ಕ ನಮ್ಮದನ್ನು ಇಟ್ಟು ನೋಡಿದೆ. ಉತ್ತರ, ದಕ್ಷಿಣ, ಪೂರ್ವದ ಗಾಳಿಯಾದರೆ ಎರಡೂ ಜೊತೆಯಾಗಿ ನಡೆಯುತ್ತವೆ. ಪಶ್ಚಿಮದ್ದೂ ಜುಲೈವರೆಗೆ ಹಾಗೆಯೇ. ಆಗಸ್ಟ್ ಆದ ಮೇಲೆ ನಮ್ಮ ಪಶ್ಚಿಮದ ಗಾಳಿ ಮೂರನೇ ಒಂದು ಪಾಲು ಕಡಿಮೆ. ಏಳು ತಿಂಗಳು ಆ ಅಂಕಿಯನ್ನು ನೋಡಿಕೊಂಡು ಕೂತಿದ್ದೆ, ಈ ವರ್ಷ ಪಶ್ಚಿಮದ ಗಾಳಿ ಸೊರಗಿದೆ ಎಂದು ಒಂದು ಟಿಪ್ಪಣಿಯನ್ನೂ ಬರೆದಿದ್ದೆ.

ಅಕ್ಟೋಬರ್ ಮೂರರಂದು ಕ್ರೇನಿನ ತುದಿಯಲ್ಲಿ ಮೂವತ್ತಲ್ಲ. ಮೂವತ್ತನಾಲ್ಕು ಇರಬಹುದು, ಐವತ್ತೂ ಇರಬಹುದು. ಮಿತಿ ಮೀರಿತ್ತೇ ಎಂದು ಯಾರಾದರೂ ಕೇಳಿದರೆ ಹತ್ತಕ್ಕೆ ಎಂಟು ಪಾಲು ಹೌದು ಎನ್ನಬೇಕು. ಎಂಟು ಪಾಲು. ಲೆಕ್ಕ ಎಲ್ಲಾದರೂ ತಪ್ಪಿರಲಿ ಎಂದು ಮೂರು ಸಲ ಮಾಡಿದೆ.

ನಮ್ಮ ಮನೆಯವರಿಗೆ ಹೇಳಿದೆ. ಇವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಕನ್ನಡಕ ತೆಗೆದು ಒರೆಸಿಕೊಂಡು, “ಹಳೇ ಪುಸ್ತಕಗಳ ಕೊನೆಗೆ ಒಂದು ಪಟ್ಟಿ ಇರ್ತಿತ್ತು. ಎಡಗಡೆ ತಪ್ಪು, ಬಲಗಡೆ ಒಪ್ಪು. ಆ ಪಟ್ಟಿ ಇದೆ ಅಂತ ಯಾರೂ ಪುಸ್ತಕ ಬಿಸಾಕ್ತಿರ್ಲಿಲ್ಲ” ಎಂದರು.

“ಪುಸ್ತಕಕ್ಕೆ ಲೈಸೆನ್ಸ್ ಹೋಗಲ್ಲ” ಎಂದೆ. ಅನವಶ್ಯಕವಾಗಿ ಜೋರಾಗಿ ಹೇಳಿದೆ.

ಮಾರ್ಚ್ 19, ಬುಧವಾರ

ಮ್ಯಾನೇಜರಿಗೆ ಹೇಳಿದೆ. ಆತ ಎದ್ದು ಬಾಗಿಲು ಹಾಕಿ ಬಂದ.

“ಮೇಡಂ, ಮಾಗಿದ ಗಾಯ ಯಾಕೆ ಕೆರೀತೀರಾ? ಟ್ಯಾಂಕ್ ಇಟ್ಟೋರು ನಾವು. ಇದು ಹೊರಗೆ ಬಂದ್ರೆ ನಿಮಗೂ ನಮಗೂ ಇಬ್ಬರಿಗೂ ಕಷ್ಟ. ನೂರಾ ನಲವತ್ತು ಜನ ದುಡೀತಿದ್ದಾರೆ ಇಲ್ಲಿ.”

“ಆಪರೇಟರ್ ಲೈಸೆನ್ಸ್ ಹೋಗಿದೆ.”

“ಅಪೀಲು ಹಾಕೋದಿದ್ರೆ ಹಾಕ್ಕೊಳ್ಳಲಿ. ಏಪ್ರಿಲ್ ಇಪ್ಪತ್ತರವರೆಗೆ ಟೈಮಿದೆ.”

“ಹಾಕೋಕೆ ಅವರ ಹತ್ರ ಹೊಸ ಸಾಕ್ಷಿ ಏನಿದೆ?”

ಆತ ಬಾಗಿಲ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ, “ಎಂಟನೇ ಫೋಟೋ ಸ್ವಲ್ಪ ಬಗ್ಗಿ ತೆಗೀರಿ. ಅಷ್ಟೇ ಅಲ್ವಾ?” ಎಂದ.

ಆತ ಕೆಟ್ಟವನಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಮಾರ್ಚ್ 21, ಶುಕ್ರವಾರ

ಬಗ್ಗಿ ತೆಗೆದೆ. ಮಂಡಿಯೂರಿ, ಕ್ಯಾಮೆರಾವನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದರೆ ಟ್ಯಾಂಕ್ ತಪ್ಪಿಹೋಗುತ್ತದೆ. ಆಕಾಶ ಚೆನ್ನಾಗಿ ಬಂದಿದೆ.

ಎಂಟೂ ಫೋಟೋ ಲಕೋಟೆಗೆ ಹಾಕಿದ್ದೇನೆ. ಅಂಟಿಸಿಲ್ಲ.

ಮಾರ್ಚ್ 24, ಸೋಮವಾರ

ಆಪರೇಟರ್ ಎಲ್ಲಾದರೂ ಒಳ್ಳೆಯ ಕೆಲಸದಲ್ಲಿ ಇದ್ದಾರೆ ಎಂದು ಕಣ್ಣಾರೆ ನೋಡಿಬಿಟ್ಟರೆ ಸಮಾಧಾನವಾಗುತ್ತದೆ ಅನ್ನಿಸಿತು. ಎಲ್ಲಿದ್ದಾರೆಂದು ಗೇಟಿನವನಿಗೆ ಗೊತ್ತಿತ್ತು. ಗುಜರಿ ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಜ್ ಹತ್ತಿರ ಒಂದು ತಗಡಿನ ಕೋಣೆ. ಒಳಗೆ ಕೂತು ತೂಕ ಬರೆಯುತ್ತಾರೆ.

ನನ್ನನ್ನು ನೋಡಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. “ಕೂತ್ಕೊಳ್ಳಿ ಮೇಡಂ. ನೆಲದ ಮೇಲೆ ಕೆಲಸ ಮಾಡೋದು ಈಗೀಗ ಅಭ್ಯಾಸ ಆಗ್ತಿದೆ.”

ಕುಶಲ ಕೇಳಿ ಎದ್ದು ಬರಬೇಕೆಂದೇ ಹೋದವಳು, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. “ಅವತ್ತು ಗಾಳಿ ಬಂತಾ?”

ಅವರು ನನ್ನ ಮುಖವನ್ನೇ ನೋಡಿದರು.

“ಬಂತು. ಪಶ್ಚಿಮದಿಂದ. ಮೇಲೆ ಕೂತಾಗ ಗಾಳಿ ಮೊದಲು ಬೆನ್ನಿಗೆ ಗೊತ್ತಾಗುತ್ತೆ ಮೇಡಂ, ಆಮೇಲೆ ಕಣ್ಣಿಗೆ. ವಿಚಾರಣೆಯಲ್ಲಿ ಅದನ್ನೇ ಹೇಳ್ದೆ. ಬೆನ್ನು ಸಾಕ್ಷಿ ಹೇಳುತ್ತೇನಪ್ಪಾ ಅಂತ ನಕ್ಕರು.”

ಒಂದು ಲಾರಿ ಬಂತು. ತೂಕ ಬರೆದುಕೊಟ್ಟು ಮತ್ತೆ ಬಂದರು.

“ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಅಂಕಿ ಬಗ್ಗೆ ಅಲ್ಲ. ಯಂತ್ರ ಅಂದ್ಮೇಲೆ ತಪ್ಪುತ್ತೆ. ನೀವು ‘ಖಂಡಿತ’ ಅಂತ ಬರೆದ್ರಿ. ಆ ಒಂದು ಪದ ಇಲ್ದಿದ್ರೆ ನನ್ನ ಮಾತನ್ನೂ ಸ್ವಲ್ಪ ಕೇಳ್ತಿದ್ರೇನೋ.”

“ಕೈ ಸಿಕ್ಕಿದವರು ಈಗ ಹೇಗಿದ್ದಾರೆ?” ಎಂದು ಕೇಳಿದೆ. ಆರು ತಿಂಗಳಲ್ಲಿ ಮೊದಲನೇ ಸಲ.

“ನೀವು ನೋಡಿರ್ಬೇಕಲ್ಲ. ಬಲಗೈದು ಎರಡು ಬೆರಳು ಹೋಯ್ತು. ಗೇಟಲ್ಲಿ ಕೂರಿಸಿದ್ದಾರೆ, ಚೀಟಿ ಬರೀತಾನೆ. ಎಡಗೈಯಲ್ಲಿ ಕಲೀತಿದ್ದಾನೆ ಪಾಪ.”

ಟ್ಯಾಂಕಿನ ವಿಷಯ ಹೇಳದೆ ಎದ್ದು ಬಂದೆ. ಹೇಳಲು ಬಾಯಿ ಬರಲಿಲ್ಲ ಎಂದು ಬರೆದರೆ ಅದೂ ಸುಳ್ಳು. ಬಾಯಿ ಇತ್ತು, ಧೈರ್ಯ ಇರಲಿಲ್ಲ.

ಮಾರ್ಚ್ 30, ಭಾನುವಾರ

ಲಕೋಟೆ ಮೇಜಿನ ಮೇಲೆ ಹಾಗೆಯೇ ಇದೆ. ಅತ್ತೆ ಧೂಳು ಒರೆಸುವಾಗ ಅದನ್ನು ಎತ್ತಿ, ಒರೆಸಿ, ಅದೇ ಜಾಗಕ್ಕೆ ಇಡುತ್ತಾರೆ.

“ನಲವತ್ತು ವರ್ಷ ಬಟ್ಟೆ ಹೊಲಿದೆ” ಎಂದರು ಇವತ್ತು, ಕೇಳದಿದ್ದರೂ. “ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚೋದು ಮಾಮೂಲಿ. ಬಿಚ್ಚದೆ ಮೇಲೊಂದು ಗುಂಡಿ ಹಚ್ಚಿ ಕೊಟ್ಟಿದ್ದು ಒಂದೇ ಒಂದು ಸಲ. ಅದನ್ನ ಹೊಲಿಸಿಕೊಂಡವಳು ದಾರಿಯಲ್ಲಿ ಸಿಕ್ಕಾಗೆಲ್ಲ ನಾನು ಆ ಬದಿಗೆ ದಾಟ್ಕೊಳ್ತಿದ್ದೆ.”

ಇವರು ಅಮ್ಮನಿಗೆ ಹೇಳಿದ್ದಾರೆ ಎಂದು ಕಾಣುತ್ತದೆ. ಈ ಮನೆಯಲ್ಲಿ ಗುಟ್ಟು ಎಂಬುದು ಮೂರು ದಿನದ ಹಾಲು, ಒಡೆಯದೆ ಇರುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಕಳಿಸಿದೆ.

ಹಳೆಯ ವರದಿಯ ಹಿಂದೆ ಒಂದು ಹಾಳೆ ಸೇರಿಸಿದೆ. ನಡುವೆ ಗೆರೆ. ಎಡಗಡೆ ತಪ್ಪು: ಮೂವತ್ತು ಕಿಲೋಮೀಟರ್, ‘ಖಂಡಿತ ಕಾರಣವಲ್ಲ’. ಬಲಗಡೆ ಒಪ್ಪು: ಮೂವತ್ತನಾಲ್ಕರಿಂದ ಐವತ್ತರ ನಡುವೆ ಇದ್ದಿರಬಹುದು, ಗಾಳಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಕೆಳಗೆ: ಮಾಪಕದ ಪಕ್ಕ ಟ್ಯಾಂಕ್ ಬಂದದ್ದನ್ನು ನಾನು ಹೋಗಿ ನೋಡಿರಲಿಲ್ಲ. ಫೋಟೋ ಎಂಟು. ಪಶ್ಚಿಮದ ಎರಡು ಫೋಟೋ ಇದ್ದವು, ಟ್ಯಾಂಕ್ ಇರುವುದನ್ನು ಹಾಕಿದೆ. ಬಗ್ಗಿ ತೆಗೆದದ್ದನ್ನು ಹರಿದು ಹಾಕಿದೆ.

ಒಂದು ಪ್ರತಿ ವಿಚಾರಣೆ ನಡೆಸಿದ ಕಚೇರಿಗೆ, ಒಂದು ಮಂಡಳಿಗೆ, ಒಂದು ಮ್ಯಾನೇಜರಿಗೆ. ಇನ್ನೊಂದನ್ನು ನಾನೇ ವೇಬ್ರಿಜ್‌ಗೆ ತೆಗೆದುಕೊಂಡು ಹೋದೆ. ಆಪರೇಟರ್ ನಿಂತುಕೊಂಡೇ ಓದಿದರು, ಎರಡನೇ ಸಲ ಕೂತು ಓದಿದರು. ಹಾಳೆ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, “ಆವತ್ತು ಬಂದಾಗ ಇದು ಗೊತ್ತಿತ್ತಾ?” ಎಂದರು.

“ಗೊತ್ತಿತ್ತು.”

ಅವರು ತೂಕದ ಪುಸ್ತಕ ತೆರೆದು ಬರೆಯತೊಡಗಿದರು. ಈ ಸಲ ಕೂರಿ ಎನ್ನಲಿಲ್ಲ. ಬರುವ ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ.

ಮಧ್ಯಾಹ್ನ ಮ್ಯಾನೇಜರ್ ಫೋನ್. “ಕೂತ ಕೊಂಬೇನೇ ಕಡಿದ್ರಲ್ಲ ಮೇಡಂ.” ನಾಳೆಯಿಂದ ಅಂಕಿ ನನ್ನ ಕಂಪ್ಯೂಟರಿಗೆ ಬರುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ಉದ್ದನೆಯ ಮೇಜು, ಮೂವರು. ನಡುವೆ ಅಧ್ಯಕ್ಷೆ, ಎಪ್ಪತ್ತರ ಹತ್ತಿರದವರು, ಕಿವಿಗೆ ಶ್ರವಣಯಂತ್ರ.

ಬಲಗಡೆಯವರು ಒಂದೂವರೆ ಗಂಟೆ ಅರೆದರು. ವಿಮಾನದ ಬಯಲಿನ ಅಂಕಿಯನ್ನು ಯಾಕೆ ನಂಬಿದಿರಿ, ಟ್ಯಾಂಕ್ ಇಲ್ಲದೆಯೂ ವ್ಯತ್ಯಾಸ ಬರಬಹುದಲ್ಲ, ಐವತ್ತು ಎಂಬುದು ಎಲ್ಲಿಂದ ಬಂತು. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದೆ. ಎರಡು ಪ್ರಶ್ನೆಗೆ ಗೊತ್ತಿಲ್ಲ ಎಂದೆ. ಎಡಗಡೆಯವರು ಕಟುವಾಗಿ ಕೇಳಿದರು:

“ಒಬ್ಬರ ಜೀವನೋಪಾಯ ಕಳೆದ ವರದಿಯನ್ನ ತಗೊಂಡು ಬಂದು ನಮ್ಮ ಮುಂದೆ ಪ್ರಮಾಣಪತ್ರ ಕೇಳ್ತಿದ್ದೀರಲ್ಲ?”

“ಹೌದು” ಎಂದೆ.

ಕೊನೆಗೆ ಅಧ್ಯಕ್ಷೆ ಮಾತಾಡಿದರು. “ಆ ಎಂಟು ಫೋಟೋ ನಿಯಮ ನಿಮಗೆ ತಲೆಹರಟೆ ಅನ್ನಿಸಿರ್ಬೇಕು.”

“ಅನ್ನಿಸಿತ್ತು.”

“ನಾನು ಪರೀಕ್ಷೆಗೆ ಕೂತಾಗ ಆ ನಿಯಮ ಇರ್ಲಿಲ್ಲಮ್ಮ. ನಿಮ್ಮದು ಟ್ಯಾಂಕು. ನನ್ನದು ಒಂದು ಮರ. ನೆಟ್ಟಾಗ ಮೊಣಕಾಲೆತ್ತರ ಇತ್ತು. ಹನ್ನೆರಡು ವರ್ಷ ಆದ್ಮೇಲೆ ಹೋಗಿ ನೋಡ್ದೆ.” ಮುಂದಿದ್ದ ನಿಯಮಪುಸ್ತಕ ಮುಚ್ಚಿದರು. “ವಿಚಾರಣೆ ಕಚೇರಿಯವರು ಏನು ಹೇಳ್ತಾರೋ ನೋಡಿ ತೀರ್ಮಾನ ತಿಳಿಸ್ತೀವಿ.”

ಮನೆಗೆ ಬಂದಾಗ ಪಾಸೋ ಫೇಲೋ ಎಂದು ಇವರು ಕೇಳಿದರು. ಗೊತ್ತಿಲ್ಲ ಎಂದೆ. ಆ ಮರ ಏನು ಮಾಡಿತ್ತು ಎಂದು ಕೇಳಬೇಕಿತ್ತು.

ಮೇ 20, ಮಂಗಳವಾರ

ಆಪರೇಟರ್ ಅಪೀಲಿಗೆ ನನ್ನ ಹಾಳೆಯನ್ನೇ ಲಗತ್ತಿಸಿದ್ದರು. ಆದೇಶ ಬಂತು, ಲೈಸೆನ್ಸ್ ವಾಪಸ್. ಟ್ಯಾಂಕ್ ಇಟ್ಟದ್ದಕ್ಕೆ ಕಂಪನಿಗೂ, ನೋಡದೆ ಬರೆದದ್ದಕ್ಕೆ ನನಗೂ ಲಿಖಿತ ಎಚ್ಚರಿಕೆ. ಗೇಟಿನಲ್ಲಿ ಕೂತವನ ವಿಷಯ ಆದೇಶದಲ್ಲಿ ಒಂದು ಸಾಲೂ ಇಲ್ಲ. ಅವನ ಬೆರಳು ಯಾವ ಅಪೀಲಿಗೂ ಬರುವುದಿಲ್ಲ. ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವನು ಚೀಟಿ ಬರೆದುಕೊಟ್ಟ, ಈಗ ಅಕ್ಷರ ಪರವಾಗಿಲ್ಲ. ಅವನ ಅರ್ಜಿಗೆ ಬೇಕಾದ ಗಾಳಿಯ ಲೆಕ್ಕ ಮಾಡಿಕೊಡುತ್ತೇನೆ ಎಂದಿದ್ದೇನೆ.

ಹಳೆಯ ಕಂಪನಿ ಆಪರೇಟರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಬೇರೆ ಕಡೆ, ಆಸ್ಪತ್ರೆ ಕಟ್ಟುವಲ್ಲಿ ಕೆಲಸ ಸಿಕ್ಕಿದೆಯಂತೆ. ಅಲ್ಲಿನ ಎಂಜಿನಿಯರು ಗಾಳಿ ಹೇಳುವವರು ಬೇಕು ಎಂದಾಗ ನನ್ನ ಹೆಸರು ಹೇಳಿದ್ದಾರೆ. ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಜೂನ್ 11, ಬುಧವಾರ

ಬೆಳಿಗ್ಗೆ ಮೋಡ. ಅತ್ತೆ ಬಕೆಟ್ ಹಿಡಿದು ನಿಂತಿದ್ದರು.

“ಹತ್ತಕ್ಕೆ ನಾಲ್ಕು ಪಾಲು ಬರಬಹುದು ಅತ್ತೆ.”

“ಹಂಗಿದ್ರೆ ದಪ್ಪ ಹೊದಿಕೆ ಒಳಗೆ, ತೆಳ್ಳಗಿನದೆಲ್ಲ ಹೊರಗೆ” ಎಂದು ಹೊರಟರು. ಇಷ್ಟು ವರ್ಷ ಅತ್ತೆಗೆ ಖಂಡಿತ ಖಂಡಿತ ಎಂದು ಯಾಕೆ ಹೇಳುತ್ತಿದ್ದೆನೋ, ‘ಬಹುದು’ ಎಂದರೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಆಸ್ಪತ್ರೆ ಸೈಟಿಗೆ ಇವತ್ತು ಮೊದಲ ವರದಿ. ನಿನ್ನೆಯೇ ಅಲ್ಲಿನ ಮಾಪಕದ ಹತ್ತಿರ ಹತ್ತಿ ಎಂಟು ದಿಕ್ಕಿಗೂ ಫೋಟೋ ತೆಗೆದು ಬಂದಿದ್ದೆ. ಬರೆದದ್ದು ಹೀಗೆ: ‘ಹನ್ನೊಂದರಿಂದ ಒಂದರವರೆಗೆ ಪಶ್ಚಿಮದಿಂದ ಗಾಳಿ ಮಿತಿ ಮೀರಬಹುದು. ಸಾಧ್ಯತೆ ಹತ್ತಕ್ಕೆ ನಾಲ್ಕು. ಗಾಜು ಎತ್ತುವುದನ್ನು ತಡೆಯುವುದು ಲೇಸು.’ ಕೆಳಗೆ ಸಹಿ, ಸಹಿಯ ಕೆಳಗೆ ನೋಂದಣಿ ಸಂಖ್ಯೆ. ಪ್ರಮಾಣಪತ್ರ ಹೋದ ಗುರುವಾರ ಬಂತು, ಬರೆಯಲು ಮರೆತಿದ್ದೆ.

ಎಂಜಿನಿಯರು ಎರಡು ಸಲ ಫೋನ್ ಮಾಡಿದ. ಜನ ಎಲ್ಲ ಸುಮ್ಮನೆ ಕೂತಿದ್ದಾರೆ, ಉಂಟೋ ಇಲ್ಲವೋ ಒಂದು ಹೇಳಿ ಎಂದ. ಗೊತ್ತಿರುವುದು ಅಷ್ಟೇ ಎಂದೆ. ಆಪರೇಟರ್ ಕ್ರೇನಿನಿಂದ ಇಳಿದು ಎರಡು ಗಂಟೆ ಕೆಳಗೆ ಕೂತರಂತೆ. ನಾನು ಕಿಟಕಿಯ ಹತ್ತಿರ ನಿಂತೇ ಇದ್ದೆ. ಎಲೆ ಅಲ್ಲಾಡಿದರೆ ಗಡಿಯಾರ ನೋಡುತ್ತಿದ್ದೆ, ಬರಲಿ ಎಂದೋ ಬರದಿರಲಿ ಎಂದೋ ನನಗೇ ತಿಳಿಯಲಿಲ್ಲ.

ಗಾಳಿ ಬರಲಿಲ್ಲ. ಮಳೆಯೂ ಬರಲಿಲ್ಲ.

ಒಂದೂಕಾಲಿಗೆ ಫೋನ್ ಬಂತು. ಆಪರೇಟರ್.

“ಬರ್ಲಿಲ್ಲ ಮೇಡಂ.”

“ಹೌದು. ಬರ್ಲಿಲ್ಲ.”

ಅವರು ಮೇಲೆ ಹತ್ತುತ್ತಿದ್ದರು, ಏದುಸಿರು ಕೇಳುತ್ತಿತ್ತು.

“ನಾಳೆದೂ ಹೀಗೇ ಬರೆದು ಕಳ್ಸಿ” ಎಂದರು.